ಒಂದೇ ಹೆಲ್ಮೆಟ್

ಶಶಿಕಲಾಳ ಮಗ ಲೋಹಿತನೂ ಅವನ ಗೆಳೆಯ ನಿಶ್ಚಲನೂ ಗುಜರಿಯಿಂದ ಹಳೇ ಕಾರೊಂದನ್ನು ತಂದು ರೇಸಿಗೆ ಅಣಿ ಮಾಡಿದ್ದರು. ಇದ್ದದ್ದು ಒಂದೇ ಕಾರು, ಒಂದೇ ಸೂಟು, ಒಂದೇ ಹೆಲ್ಮೆಟ್. ಹೆಸರು ಕೊಟ್ಟವನು ನಿಶ್ಚಲ, ಓಡಿಸುವವನೂ ಅವನೇ. ಲೋಹಿತನ ಪಾಲಿಗೆ ಸ್ಪ್ಯಾನರು, ಗ್ರೀಸು.

ಶಶಿಕಲಾಳಿಗೆ ಅದೇ ಹೊಟ್ಟೆಯುರಿ. ಬೆಳಿಗ್ಗೆ ನಿಶ್ಚಲನನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟಿದ್ದಳು.

"ನನ್ನ ಮಗ ಏನು ನಿನ್ನ ಆಳಾ? ಇವತ್ತೊಂದಿನ ಅವನೂ ಓಡಿಸ್ಲಿ."

"ಎಂಟ್ರಿ ನನ್ನ ಹೆಸರಲ್ಲಿದೆ ಆಂಟಿ" ಎಂದು ಅವನು ತಲೆ ತಗ್ಗಿಸಿ ಹೋಗಿದ್ದ.

ಈಗ ಗ್ಯಾಲರಿಯಲ್ಲಿ ನಿಶ್ಚಲನ ತಾಯಿ, "ನೋಡ್ರೀ, ನಮ್ಮವನೇ ಮುಂದೆ!" ಎಂದು ಅವಳ ತೋಳು ಜಗ್ಗುತ್ತಿದ್ದಳು.

"ಹೂಂ" ಎಂದಳು ಶಶಿಕಲಾ, ಮುಖ ಗಂಟು ಹಾಕಿಕೊಂಡು.

ಮರುಕ್ಷಣವೇ ಕಾರು ತಿರುವಿನಲ್ಲಿ ಪಲ್ಟಿ ಹೊಡೆದು ಹೊತ್ತಿಕೊಂಡಿತು. ಮೈಕಿನಲ್ಲಿ ಕೂಗಿದರು: "ಡ್ರೈವರ್ ನಿಶ್ಚಲ್ ಮನೆಯವರು ತಕ್ಷಣ ಆಂಬುಲೆನ್ಸ್ ಹತ್ತಿರ ಬನ್ನಿ!"

ಆ ತಾಯಿ ಕುಸಿದಳು. ಶಶಿಕಲಾ ಅವಳನ್ನು ತಬ್ಬಿ ನಡೆಸಿಕೊಂಡು ಹೋದಳು. ಬಾಯಲ್ಲಿ, "ಏನೂ ಆಗಿರಲ್ಲ, ಧೈರ್ಯ ತಗೊಳ್ಳಿ." ಮನಸ್ಸಿನಲ್ಲಿ, ಸದ್ಯ, ನನ್ನ ಮಗನ ಕೈಗೆ ಇವನು ಕಾರು ಕೊಡದೇ ಇದ್ದದ್ದೇ ಒಳ್ಳೇದಾಯ್ತು.

ಸ್ಟ್ರೆಚರಿನ ಮೇಲೆ ಬಿಳಿ ಬಟ್ಟೆಯನ್ನು ಮುಖ ಮುಚ್ಚುವಂತೆ ಎಳೆದಿದ್ದರು. ಪಕ್ಕದಲ್ಲಿ ನಿಂತಿದ್ದವನ ಕೈಯೆಲ್ಲ ಗ್ರೀಸು. ನಿಶ್ಚಲ. ಅವನು ತನ್ನ ತಾಯಿಯ ಕಡೆ ನೋಡಲಿಲ್ಲ.

"ನೀವೇ ಹೇಳಿದ್ರಲ್ಲ ಆಂಟಿ, ಇವತ್ತೊಂದಿನ ಅವನೂ ಓಡಿಸ್ಲಿ ಅಂತ."