ಬಚ್ಚುಂಡು

ಡ್ಯೂಟಿ ಮುಗಿಸಿ ವಾರ್ಡಿನಿಂದ ಹೊರಡುವಾಗ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ನನ್ನ ಅಜ್ಜಿ ವಾರದ ಜ್ವರಕ್ಕೆ ನಿತ್ರಾಣರಾಗಿ ಉಡುಪಿಯ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ತುಳು ಬಿಟ್ಟು ಬೇರೆ ಭಾಷೆ ಬಾರದು. ಸಿಸ್ಟರ್ ಗದಗ ಕಡೆಯವರು. ಅಜ್ಜಿ "ಬಚ್ಚುಂಡು" ಎಂದು ನರಳಿದಾಗಲೆಲ್ಲ ಅವರು ಬೆಡ್‌ಪ್ಯಾನ್ ಹಿಡಿದು ಓಡಿಬರುತ್ತಿದ್ದರು. ಅಜ್ಜಿ ನಾಚಿ ಗೋಡೆಯತ್ತ ಮುಖ ತಿರುಗಿಸುತ್ತಿದ್ದರು. ಮೂರನೇ ಸಲ ನಾನೇ ಕೇಳಿದೆ.

"ಇದು ಎಂತಕ್ಕೆ ಸಿಸ್ಟರ್?"

"ಬಚ್ಚಲಕ್ಕ ಹೋಗಬೇಕಂತಾರಲ್ಲ ನಿಮ್ಮಜ್ಜಿ?"

"ಅಯ್ಯೋ, ಅದಲ್ಲ. ಬಚ್ಚುಂಡು ಅಂದ್ರೆ ಸುಸ್ತಾಗ್ತಾ ಉಂಟು ಅಂತ."

ಸಿಸ್ಟರ್ ನಗುತ್ತಾರೆಂದುಕೊಂಡೆ. ನಗಲಿಲ್ಲ. ಬೆಡ್‌ಪ್ಯಾನ್ ಕೆಳಗಿಟ್ಟು, ಒದ್ದೆ ಬಟ್ಟೆಯಿಂದ ಅಜ್ಜಿಯ ಕುತ್ತಿಗೆ ಒರೆಸಿ, ದಿಂಬು ಸರಿಮಾಡಿದರು. ಹಿಂದಿನ ರಾತ್ರಿಯಿಂದ ಇಡೀ ವಾರ್ಡಿಗೆ ಅವರೊಬ್ಬರೇ. ಗೋಡೆಗೆ ಒರಗಿ, ಹೊಸ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದರು.

"ನನಗೂ ಬಚ್ಚುಂಡು, ಅಜ್ಜಿ."

ಅಜ್ಜಿಗೆ ಅರ್ಥವಾಯಿತು. ಹಲ್ಲು ಕಚ್ಚಿ ಗೋಡೆಯ ಕಡೆ ಸರಿದು, ಮಂಚದ ಅಂಚನ್ನು ತಟ್ಟಿ, ಕುಳಿತುಕೋ ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಆಚೆಯ ಮಂಚದಿಂದ ಯಾರೋ ಕೂಗಿದರು. ಸಿಸ್ಟರ್ ಬೆಡ್‌ಪ್ಯಾನ್ ಎತ್ತಿಕೊಂಡು ಓಡಿದರು.

ಸಂಜೆಯವರೆಗೂ ಅಜ್ಜಿ ಆ ಜಾಗ ಬಿಟ್ಟುಕೊಂಡೇ ಮಲಗಿದ್ದರು.