ಅಪ್ಪ ಕೊರೆದ ಬಿಲ

ಬೆಳಿಗ್ಗೆ ಚಿಕುಹೊ ಎಂಬ ಕಲ್ಲಿದ್ದಲು ಸೀಮೆಯ ಒಂದು ಪುಟ್ಟ ಗಣಿಯ ಚಾವಣಿ ಕುಸಿದಾಗ ಒಳಗೆ ಸಿಕ್ಕಿಬಿದ್ದವನು ಕುಮೆಜಿ ಒಬ್ಬನೇ. ಅವನು ಕಡಿದ ಕಲ್ಲಿದ್ದಲನ್ನು ಎಳೆದು ತರುವವಳು ಹೆಂಡತಿ ಸಾಯೊ. ಬುಟ್ಟಿ ಬರಿದು ಮಾಡಲು ಅವಳು ಮೇಲೆ ಬಂದಿದ್ದಳಷ್ಟೆ, ಬೆನ್ನ ಹಿಂದೆ ಗುಡ್ಡ ಗುಡುಗಿತು.

ಹೋದ ವರ್ಷ ಆವಿಯಂತ್ರದ ಜೊತೆ ಪಟ್ಟಣದಿಂದ ಬಂದಿದ್ದ ಮೇಲ್ವಿಚಾರಕ ತೊಕುನಾಗ ನಕ್ಷೆ ಹರಡಿಕೊಂಡು ಕೂತಿದ್ದ. "ಕಲ್ಲು ತೆರವು ಮಾಡೋಕೆ ನಾಲ್ಕು ದಿನ ಬೇಕು," ಅಂದ. ಒಳಗೆ ಅಷ್ಟು ದಿನಕ್ಕಾಗುವ ಗಾಳಿ ಇಲ್ಲವೆಂದು ಯಾರೂ ಅವನಿಂದ ಹೇಳಿಸಿಕೊಳ್ಳಬೇಕಿರಲಿಲ್ಲ.

"ಧಣಿ, ಗುಡ್ಡದ ಆಚೆ ಮಗ್ಗುಲಲ್ಲಿ ನಮ್ಮಪ್ಪ ಕೊರೆದ ಬಿಲ ಇದೆ," ಅಂದಳು ಸಾಯೊ. "ಈ ಗಣಿ ಶುರುವಾಗೋಕೆ ಮುಂಚೆ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡೋರಿಗೆ ಕಲ್ಲಿದ್ದಲು ಮಾರ್ತಿದ್ದ ಕಾಲದ್ದು. ಅದರ ತುದಿ ನಾವು ಕಡಿಯೋ ಜಾಗದ ಹತ್ರಾನೇ ಬರುತ್ತೆ."

"ನಕ್ಷೇಲಿ ಇಲ್ವಲ್ಲಮ್ಮ?"

"ನಮ್ಮಪ್ಪಂಗೆ ಬರೆಯೋಕೆ ಬರ್ತಿರಲಿಲ್ಲ. ಕೊರೆಯೋಕೆ ಬರ್ತಿತ್ತು."

"ಕಲ್ಲು ತೆಗೀತಿರೋ ಗಂಡಸರನ್ನ ಇಲ್ಲಿಂದ ಕದಲಿಸೋಕಾಗಲ್ಲ."

"ಅವರನ್ನ ಯಾರು ಕೇಳಿದ್ರು?"

ಬುಟ್ಟಿ ಎಳೆಯುವ ಆರು ಹೆಂಗಸರು ಗುದ್ದಲಿ, ದೀಪ ಹಿಡಿದು ಅವಳ ಹಿಂದೆ ಹೊರಟರು. ಗುಡ್ಡದ ಆಚೆ ಬಿಲದ ಬಾಯಿ ಮುಚ್ಚಿದ್ದ ಬಿದಿರ ಮೆಳೆ ಸವರಿ, ಒಳಗೆ ಸಾಲಾಗಿ ತೆವಳಿದರು. ತುದಿ ಸಿಕ್ಕಿತು. ಸಾಯೊ ಗೋಡೆಗೆ ಮೂರು ಸಲ ಬಡಿದು ಕಿವಿ ಇಟ್ಟಳು. ಉತ್ತರ ಬರಲಿಲ್ಲ. ಅವಳು ಗುದ್ದಲಿ ಎತ್ತಿದಳು. ಆಮೇಲೆ ಅವಳ ಕೈಯೂ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ.

"ಲೇ ಕಿನು, ಹಬ್ಬದೂಟ ಉಂಡು ಕೂತಿದೀಯಾ? ಮಣ್ಣು ಹಿಂದಕ್ಕೆ ಎಳಿಯೇ!" ಅಂತ ಬೆನ್ನ ಹಿಂದಿದ್ದವಳಿಗೆ ಗದರಿದಳು. "ಇವನೇನಾದ್ರೂ ಒಳಗೆ ಸತ್ತಿರಲಿ, ಸುಮ್ನೆ ಬಿಡಲ್ಲ ಇವನನ್ನ!"

ಮಧ್ಯಾಹ್ನ ಇಳಿಯಿತು. ಅವಳ ಗಂಟಲು ಒಡೆದು ದನಿ ಗೊಗ್ಗರಾಯಿತು, ಆದರೂ ಬೈಯುತ್ತಲೇ ಇದ್ದಳು. ಒಂದು ಏಟಿಗೆ ಗುದ್ದಲಿ ಪಕ್ಕನೆ ಆಚೆಗೆ ತೂರಿತು. ಮುಷ್ಟಿಯಷ್ಟು ಕಿಂಡಿ. ಅದರೊಳಗಿಂದ ಕಪ್ಪು ಕೈಯೊಂದು ತಡಕಾಡುತ್ತ ಈಚೆಗೆ ಬಂತು. ಸಾಯೊ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಒಮ್ಮೆಲೇ ಸಿಟ್ಟು ಉಕ್ಕಿತು.

"ಬದುಕಿದ್ದೋನು ಒಂದು ಕೂಗು ಹಾಕೋಕೆ ಏನಾಗಿತ್ತೋ ನಿಂಗೆ?"

"ನಿನ್ನ ಬೈಗುಳ ಕೇಳಿಸ್ತಿತ್ತು ಕಣೆ," ಅಂದಿತು ಆಚೆಯಿಂದ ಕುಮೆಜಿಯ ಒಣಗಿದ ದನಿ. "ನಾನು ಕೂಗಿದ್ರೆ ನೀನೆಲ್ಲಿ ಬೈಯೋದು ನಿಲ್ಲಿಸಿಬಿಡ್ತೀಯೋ ಅಂತ ಹೆದರಿಕೆ ಆಯ್ತು."

ಸುದ್ದಿ ತಿಳಿದು ಅಷ್ಟರಲ್ಲಿ ಬಿಲದ ಬಾಯಲ್ಲಿ ಬಂದು ಸೇರಿದ್ದ ಜನಕ್ಕೆ, ಗುಡ್ಡದ ಹೊಟ್ಟೆಯೊಳಗಿಂದ ಏಳು ಹೆಂಗಸರು ಒಟ್ಟಿಗೇ ಗೊಳ್ಳೆಂದು ನಕ್ಕದ್ದು ಕೇಳಿಸಿತು.