ದನಿ ನಿಂತ ಮೇಲೆ

“ಅಕ್ಕಾರ, ಲ್ಯಾಪ್‌ಟಾಪ್ ಮೂಕ ಆಗ್ಯಾದ್ರಿ!”

ಫೋನಿನಲ್ಲಿ ದೇವದುರ್ಗದ ಪಂಪಾಪತಿಯ ದನಿ ಕೇಳಿ ಮಾನ್ವಿ ಊರಿನ ತನ್ನ ಮನೆಯಲ್ಲಿ ಕುಳಿತಿದ್ದ ಜಬೀನ್ ಥಟ್ಟನೆ ಎದ್ದು ನಿಂತಳು. ಪಂಪಾಪತಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವನ್ನೇ ನಂಬಿ ಕೆಲಸ ಮಾಡುವವನು. ಲಿನಕ್ಸ್ ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆ ಬಳಸುವವರಿಗಾಗಿ ಅದನ್ನು ಹಾಕಿಕೊಳ್ಳಲು ಸಿದ್ಧವಾದ ಪ್ಯಾಕೇಜಾಗಿ ಕಟ್ಟಿ, ತಿದ್ದಿ, ಕಳಿಸುವವಳು ಜಬೀನ್. ಸಂಬಳವಿಲ್ಲದ ಕೆಲಸ, ಬೈಗುಳಕ್ಕೆ ಮಾತ್ರ ಬರವಿಲ್ಲ. ನಿನ್ನೆಯಷ್ಟೇ ಹೊಸ ಆವೃತ್ತಿ ಬಿಟ್ಟು, ದನಿ ಈಗ ಇನ್ನೂ ತಿಳಿಯಾಗಿದೆ, ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳಿದ್ದಳು.

“ಎಲ್ಲಿದ್ದೀರಿ ಈಗ?”

“ರಾಯಚೂರಾಗ. ದವಾಖಾನಿ ವಿಚಾರಣಾ ಕೌಂಟರ್ ಕೆಲಸದ ಸಂದರ್ಶನಕ್ಕ ಬಂದೀನಿ. ಲ್ಯಾಪ್‌ಟಾಪ್ ನಡಿಸಿ ತೋರಿಸಬೇಕ್ರಿ. ಹೊಸ ದನಿ ಇದ್ರ ಸಾಹೇಬ್ರಿಗೆ ಛಂದ ಕೇಳಸ್ತದ ಅಂತ ಇಲ್ಲೇ ಕುಂತು ಅಪ್‌ಡೇಟ್ ಹಚ್ಚಿದೆ. ಅರ್ಧಕ್ಕ ದನಿ ನಿಂತು ಹೋತು. ಈಗ ಒಳಗ ಕರೀತಾರ. ಬಂದ್ ಮಾಡಿ ಚಾಲೂ ಮಾಡ್ಲೇನ್ರಿ?”

“ಬ್ಯಾಡ್ರಿ! ಅರ್ಧಕ್ಕ ಬಂದ್ ಮಾಡಿದ್ರ ಇವತ್ತು ಅದು ಬಾಯಿ ಬಿಡೂದಿಲ್ಲ. ಬಾಜೂಕ ಯಾರರ ಅದಾರೇನು? ಪರದಿ ಮ್ಯಾಲ ಏನದ ಓದಸ್ರಿ.”

ಪಂಪಾಪತಿ ದನಿ ತಗ್ಗಿಸಿದ. “ಒಬ್ಬಾಕಿ ಅದಾಳ್ರಿ, ಕಲ್ಯಾಣಿ ಅಂತ. ಕಾಲಿಲ್ಲ ಆಕಿಗೆ. ಅಂಗವಿಕಲರಿಗೆ ಇಟ್ಟಿದ್ದು ಒಂದೇ ಕೆಲಸ. ಉಳಿದವ್ರು ನಾವಿಬ್ಬರೇ.”

ಎದುರಾಳಿಯ ಕೈಗೆ ಜುಟ್ಟು ಕೊಡುವುದೆಂದರೆ ಇದೇ. ಆದರೆ ಬೇರೆ ದಾರಿ ಎಲ್ಲಿತ್ತು? “ಆಕಿಗೇ ಕೇಳ್ರಿ,” ಎಂದಳು ಜಬೀನ್.

ಪರದೆ ಓದಿ ಹೇಳುವಂತೆ ಪಂಪಾಪತಿ ಆಕೆಯನ್ನು ಕೇಳಿಕೊಂಡ. ಊರುಗೋಲು ನೆಲಕ್ಕೆ ತಾಗಿದ್ದು ಕೇಳಿಸಿತು. ಬಾಗಿಲು ಕಿರ್ರೆಂದಿತು. “ಪಂಪಾಪತಿ ಯಾರು? ಒಳಗ ಬರ್ರಿ,” ಎಂದು ಯಾರೋ ಕೂಗಿದರು. ಆಕೆ ಸುಮ್ಮನಿದ್ದರೆ ಸಾಕು, ಇವನ ಕಥೆ ಮುಗಿಯಿತು ಎಂದುಕೊಂಡಳು ಜಬೀನ್.

“ಹಳೇ ಸೆಟ್ಟಿಂಗ್ ಇರ್ಲೋ, ಹೊಸದು ಹಾಕ್ಲೋ ಅಂತ ಇಂಗ್ಲೀಷಿನಾಗ ಕೇಳಿ ಕುಂತದ್ರಿ.” ಹೆಣ್ಣು ದನಿ.

ಬಿಡುವ ಮುಂಚೆ ಪರೀಕ್ಷೆ ಮಾಡುವಾಗ ಜಬೀನಳಿಗೂ ಆ ಪ್ರಶ್ನೆ ಬಂದಿತ್ತು. ಕಣ್ಣಲ್ಲಿ ನೋಡಿದಳು, ಉತ್ತರ ಒತ್ತಿದಳು, ಮರೆತಳು. ಮೊದಲು ದನಿ ಕಿತ್ತುಕೊಂಡು, ಆಮೇಲೆ ಕಣ್ಣು ಕಾಣದವನನ್ನು ಪ್ರಶ್ನೆ ಕೇಳುವ ಯಂತ್ರ! ಅದನ್ನು ಹಾಗೆ ಕಟ್ಟಿದವಳು ತಾನೇ. ನಾಚಿಕೆಯಿಂದ ಭೂಮಿಗಿಳಿದು ಹೋದಳು.

“ಎನ್ ಒತ್ತಿ ಎಂಟರ್ ಹೊಡೀರಿ. ಹಳೇದೇ ಇರ್ಲಿ.”

ಎರಡು ಕೀಲಿ ಸದ್ದು. ಬಾಗಿಲಲ್ಲಿದ್ದವನು ಇನ್ನೊಮ್ಮೆ ಕೂಗಿದ. ಆಗ ಲ್ಯಾಪ್‌ಟಾಪಿನ ಒಣ ಯಂತ್ರದನಿ ಗೊಣಗಿತು: “ಸಿದ್ಧವಾಗಿದೆ.”

“ಯವ್ವಾ!” ಎಂದು ಉಸಿರುಬಿಟ್ಟ ಪಂಪಾಪತಿ, ಫೋನನ್ನು ಬೆಂಚಿನ ಮೇಲೇ ಬಿಟ್ಟು, ಲ್ಯಾಪ್‌ಟಾಪ್ ಅವಚಿಕೊಂಡು ಒಳಗೆ ಹೋದ.

“ಕಲ್ಯಾಣಿ ಅವರ,” ಎಂದಳು ಜಬೀನ್. “ನಿಮ್ಮ ಉಪಕಾರ ನಾ...”

“ಉಪಕಾರ ಇರ್ಲಿ ಬಿಡ್ರಿ. ನಾಳೆ ಇನ್ನೊಬ್ಬರಿಗೆ ಹಿಂಗಾದ್ರ, ಬಾಜೂಕ ನಾ ಇರೂದಿಲ್ಲ.” ಫೋನು ಕಟ್ಟಾಯಿತು.

ಜಬೀನ್ ಕೂಡಲೇ ಹೊಸ ಆವೃತ್ತಿಯನ್ನು ಹಿಂತೆಗೆದುಕೊಂಡಳು. ಪ್ರಶ್ನೆ ಕೇಳಿ ಮುಗಿಯುವ ತನಕ ದನಿ ನಿಲ್ಲದಂತೆ, ಊಟಕ್ಕೂ ಏಳದೆ ತಿದ್ದಿದಳು. ತಿದ್ದಿದ್ದು ಮುಗಿದಾಗ, ಈ ಸಲದ ಪರೀಕ್ಷೆಗೆ, ಹೆಗಲ ಮೇಲಿನ ಓಢಣಿ ತೆಗೆದು ಪರದೆಗೆ ಹೊದಿಸಿ, ಎಂಟರ್ ಒತ್ತಿ, ಕಿವಿಗೊಟ್ಟು ಕುಳಿತಳು.